ಕೆಳಗಿನಿಂದ ತುಂಬುವ ಎಣ್ಣೆ

ಬೆಂಗಳೂರಿನ ಬಿಟಿಎಂ ಬಡಾವಣೆಯ ಎರಡನೇ ಹಂತದಲ್ಲಿ ಪಿಳ್ಳಣ್ಣನ ಸ್ಪೇರ್ ಪಾರ್ಟ್ಸ್ ಅಂಗಡಿ ಇದೆ. ಸ್ಕೂಟರು, ಬೈಕು, ಆಟೊಗಳ ಸಾಮಾನು. ಒಂದು ಗೋಡೆಯುದ್ದಕ್ಕೂ ಆಯಿಲ್ ಡಬ್ಬಿಗಳು. ಭಾಗ್ಯಜ್ಯೋತಿ ಅಲ್ಲಿ ಕೌಂಟರ್ ನೋಡಿಕೊಳ್ಳತೊಡಗಿ ಆರು ವರ್ಷವಾಯಿತು. ಮಸ್ಕಿ ಕಡೆಯ ಹೆಣ್ಣುಮಗಳು. ಗಿರಾಕಿಗಳಿಲ್ಲದ ಮಧ್ಯಾಹ್ನ ಡಬ್ಬಿಗಳನ್ನು ತಿರುಗಿಸಿ ಹಿಂದಿನ ಸಣ್ಣ ಅಕ್ಷರಗಳನ್ನು ಓದುವುದು ಅವಳ ಚಟ. ಯಾವ ಎಂಜಿನ್ನಿಗೆ ಯಾವ ಆಯಿಲ್ ಎಂಬುದು ಹಾಗೆಯೇ ಬಾಯಿಪಾಠವಾಗಿತ್ತು. ಆದರೂ ಬಂದವರು ಅವಳ ಭುಜದಾಚೆ ಕಣ್ಣು ಹಾಯಿಸಿ, "ಅಣ್ಣ ಇಲ್ವಾ?" ಎನ್ನುತ್ತಿದ್ದರು. ಯಾವ ಮಾಲು ತರಿಸಬೇಕೆಂದು ತೀರ್ಮಾನಿಸುವುದೂ ಅಣ್ಣನೇ.

ಜನವರಿಯ ಒಂದು ಸೋಮವಾರ ಜಯಸಿಂಹ ಎಂಬ ನಿವೃತ್ತ ಎಂಜಿನಿಯರು ಉಪ್ಪಿನಕಾಯಿಯ ಹಳೇ ಬಾಟಲಿಯೊಂದನ್ನು ತಂದು ಕೌಂಟರಿನ ಮೇಲಿಟ್ಟರು. ಒಳಗಿದ್ದುದು ಹಾಲು ಹೆಚ್ಚಾದ ಕಾಫಿಯಂತಿತ್ತು.

"ಏನ್ ಸಾರ್, ಬೆಳಿಗ್ಗೆಬೆಳಿಗ್ಗೆ ನಮಗೆ ಕಾಫಿ ತಂದ್ರಾ?" ಎಂದ ಪಿಳ್ಳಣ್ಣ.

"ನನ್ನ ಹೆಂಡ್ತಿ ವಾರಿಜಾನೂ ಹಾಗೇ ಅಂದ್ಕೊಂಡು ಬಿಸಿ ಮಾಡೋಕೆ ಹೊರಟಿದ್ಲು ಕಣಪ್ಪ. ಇದು ದೋಣಿ ಮೋಟರಿನ ಗೇರ್ ಆಯಿಲ್."

ಹುಳಿಮಾವು ಕಡೆಯ ಕೆರೆಯೊಂದರ ಕಳೆ ತೆಗೆಯಲು ಅವರ ಗೆಳೆಯರ ಬಳಗ ಹಳೆಯ ದೋಣಿಯನ್ನೂ ಅದರ ಹಿಂಬದಿಗೆ ಸಿಕ್ಕಿಸುವ ಪೆಟ್ರೋಲ್ ಮೋಟರನ್ನೂ ತಂದಿತ್ತು. ಹೊಸ ಆಯಿಲ್ ಹಾಕಿದ ಎರಡೇ ವಾರಕ್ಕೆ ಅದು ಹೀಗೆ ಬೆಳ್ಳಗಾಗಿತ್ತು. ಬಳಗದವರು ಅವರನ್ನು 'ಡೈರಿ ಜಯಸಿಂಹ' ಎಂದು ಕರೆಯಲು ಶುರುಮಾಡಿದ್ದರು. ಇನ್ನೊಮ್ಮೆ ಹೀಗಾದರೆ ದೋಣಿಯನ್ನು ತಂದಲ್ಲಿಗೇ ವಾಪಸ್ ಕೊಡುವುದೆಂದೂ ಹೇಳಿದ್ದರು.

"ಒಂದು ಡಬ್ಬಿ ತೊಂಬತ್ತು ಗ್ರೇಡಿನ ಗೇರ್ ಆಯಿಲ್ ಕೊಡಪ್ಪ. ಪೆಟ್ರೋಲಿಗೆ ಬೆರೆಸೋಕೆ ಟೂ-ಟಿ ಆಯಿಲೂ ಇರಲಿ."

ಪಿಳ್ಳಣ್ಣ ಲಾರಿಗೆ ಹಾಕುವ ಡಬ್ಬಿಗೆ ಕೈ ಹಾಕಿದ. ಭಾಗ್ಯಜ್ಯೋತಿ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದವಳು ತಲೆಯೆತ್ತಿದಳು.

"ಅದನ್ನ ಕೊಡಬ್ಯಾಡ್ರಿ ಅಣ್ಣಾರ. ಇದರಾಗ ನೀರು ಸೇರೇತಿ. ಸಾರ್, ನಿಮ್ಮ ಮೋಟರು ಫೋರ್ ಸ್ಟ್ರೋಕೋ, ಟೂ ಸ್ಟ್ರೋಕೋ?"

"ಫೋರ್ ಸ್ಟ್ರೋಕ್."

"ಮತ್ತ ಪೆಟ್ರೋಲಿಗೆ ಆಯಿಲ್ ಯಾಕ್ರೀ ಬೆರಸ್ತೀರಿ? ಅದು ಟೂ ಸ್ಟ್ರೋಕಿಗಷ್ಟರೀ."

ಜಯಸಿಂಹ ಹಣೆ ಚಚ್ಚಿಕೊಂಡರು. ಮೂವತ್ತು ವರ್ಷ ಓಡಿಸಿದ ಹಳೇ ಸ್ಕೂಟರಿನ ಅಭ್ಯಾಸ.

"ತೊಂಬತ್ತು ಅಂದ್ರೆ ತೊಂಬತ್ತೇ ಜ್ಯೋತಿ. ಲಾರಿಗೇನು, ದೋಣಿಗೇನು?" ಪಿಳ್ಳಣ್ಣನ ದನಿಯಲ್ಲಿ ಸ್ವಲ್ಪ ಸಿಟ್ಟಿತ್ತು.

"ಲಾರಿ ನೀರಾಗ ನಿಂತು ಓಡಂಗಿಲ್ಲಲ್ರೀ. ಗುರುವಾರದತನಕ ಟೈಮ್ ಕೊಡ್ರಿ. ಸರಿಯಾದ್ದು ನಾ ತರಿಸ್ತೀನಿ."

ಪಿಳ್ಳಣ್ಣ ಅವಳನ್ನೇ ನೋಡಿದ. ಆರು ವರ್ಷದಲ್ಲಿ ಅವಳು ಗಿರಾಕಿಯ ಮುಂದೆ ಹೀಗೆ ಎದುರಾಡಿದ್ದು ಇದೇ ಮೊದಲು. "ಸರಿ. ಆ ಆಯಿಲ್ ಬೆಳ್ಳಗಾಗ್ದೇ ಇದ್ರೆ ಆಯಿಲ್ ಗೋಡೆ ಪೂರ್ತಿ ನಿಂದು. ಏನು ತರಿಸ್ಬೇಕು ಅಂತ ನೀನೇ ಹೇಳು. ಬೆಳ್ಳಗಾದ್ರೆ ಮಾತ್ರ ಇನ್ಮೇಲೆ ನಾನು ಕೊಟ್ಟಿದ್ದನ್ನ ಸುಮ್ನೆ ಪ್ಯಾಕ್ ಮಾಡ್ಬೇಕು."

"ಆತ್ರಿ," ಎಂದಳು.

ಆವರೆಗೆ ಅವಳು ದೋಣಿಯ ಮೋಟರನ್ನು ಕಣ್ಣಿಂದ ಕಂಡಿರಲಿಲ್ಲ. ಜಯಸಿಂಹರಿಂದ ಮೋಟರಿನ ಫೋಟೊ ತರಿಸಿಕೊಂಡು ಅದರ ಕೈಪಿಡಿಯನ್ನು ಫೋನಿನಲ್ಲೇ ಓದಿದಳು. ಎಂಜಿನ್ನಿಗೆ ದೋಣಿಗೆಂದೇ ಮಾಡಿದ ಫೋರ್ ಸ್ಟ್ರೋಕ್ ಆಯಿಲ್ ಬೇಕು, ಅದರಲ್ಲಿ ತುಕ್ಕು ತಡೆಯುವ ಅಂಶ ಹೆಚ್ಚು. ಗೇರಿಗೂ ತೊಂಬತ್ತು ಗ್ರೇಡಿನಲ್ಲೇ ದೋಣಿಯದು ಬೇರೆ ಇದೆ. ಚೂರುಪಾರು ನೀರು ಸೇರಿದರೂ ಅದು ಗೇರಿನ ಹಲ್ಲುಗಳನ್ನು ಕಾಯುತ್ತದೆ. ಇವೆರಡನ್ನೂ ಹುಡುಕುತ್ತ ಕೊನೆಗೆ ಮಲ್ಪೆಯ ಅಂಗಡಿಯೊಂದಕ್ಕೆ ಫೋನ್ ಮಾಡಿದಳು. ಅಲ್ಲಿಯ ಮೆಕ್ಯಾನಿಕ್ ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದ: "ಅವರು ಗೇರ್ ಆಯಿಲ್ ಎಲ್ಲಿಂದ ಹಾಕಿದ್ದು?"

"ಮ್ಯಾಲಿನ ತೂತಿಂದ ಅಂತ್ರಿ."

"ಅದೇ ತಪ್ಪು ಮಾರಾಯ್ರೆ! ಕೆಳಗಿಂದ ಹಾಕ್ಬೇಕು. ಮೇಲಿಂದ ಹೊಯ್ದ್ರೆ ಗಾಳಿ ಒಳಗೇ ಉಳೀತದೆ, ಆಯಿಲ್ ಅರ್ಧವೂ ಹೋಗುದಿಲ್ಲ. ಸ್ಕ್ರೂ ವಾಷರ್ ಹೊಸತಾ?"

ಜಯಸಿಂಹರನ್ನು ಕೇಳಿದಾಗ ಉತ್ತರ ಹೆಮ್ಮೆಯಿಂದಲೇ ಬಂತು: "ಹಳೇದು ಚೆನ್ನಾಗೇ ಇತ್ತಮ್ಮ. ತೊಳೆದು ಅದನ್ನೇ ಹಾಕ್ದೆ."

ನೀರು ನುಗ್ಗಿದ ದಾರಿ ಸಿಕ್ಕಿತು: ಒಮ್ಮೆ ಬಿಗಿದು ಚಪ್ಪಟೆಯಾಗಿದ್ದ ಆ ಹಳೇ ವಾಷರು. ಎರಡು ಡಬ್ಬಿ, ಒಂದು ಕೈ ಪಂಪು, ನಾಲ್ಕು ವಾಷರು ಮಲ್ಪೆಯಿಂದ ಬಸ್ಸಿನಲ್ಲಿ ಬಂದಿಳಿದವು.

ಭಾನುವಾರ ಬೆಳಿಗ್ಗೆ ಕೆರೆ ದಡದಲ್ಲಿ ಭಾಗ್ಯಜ್ಯೋತಿ ಸೀರೆ ಎತ್ತಿ ಕಟ್ಟಿ ಮಂಡಿಯೂರಿ ಕುಳಿತಳು. ಮೋಟರಿನ ಕೆಳಗಿನ ತೂತಿಗೆ ಪಂಪಿನ ಕೊಳವೆ ಸಿಕ್ಕಿಸಿ ಒತ್ತತೊಡಗಿದಳು. ಸುತ್ತ ನಿಂತವರಲ್ಲಿ ಒಬ್ಬರಿಗೂ ನಂಬಿಕೆ ಬರಲಿಲ್ಲ.

"ಏನಮ್ಮ, ಕೆಳಗಿಂದ ತುಂಬಿದ್ರೆ ಸೋರಿ ಹೋಗಲ್ವಾ?" ಎಂದರು ಜಯಸಿಂಹ.

"ನಿಮ್ಮ ಮನ್ಯಾಗ ಸಂಪಿನ ನೀರು ಟ್ಯಾಂಕಿಗೆ ಹ್ಯಾಂಗ ಏರ್ತೈತ್ರೀ ಸಾರ್? ಕೆಳಗಿಂದಲ್ಲೇನು? ಮ್ಯಾಲೆ ತುಂಬಿ ಹೊರಗ ಬಂತಂದ್ರ ತುಂಬೇತಂತ ತಿಳಿಕೋಬೇಕು."

ಮೇಲಿನ ತೂತಿನಲ್ಲಿ ಗುಳುಗುಳು ಗಾಳಿ ಬಂತು, ಆಮೇಲೆ ಆಯಿಲ್ ಇಣುಕಿತು. ಗಾಳಿ ಒಳಗೆ ಹೋಗಿ ಆಯಿಲನ್ನು ಕೆಳಗೆ ತಳ್ಳದಂತೆ ಅವಳು ಮೊದಲು ಮೇಲಿನ ಸ್ಕ್ರೂ ಬಿಗಿದಳು. ಆಮೇಲೆ ಕೊಳವೆ ಕಿತ್ತು ಕೆಳಗಿನದನ್ನೂ ಹೊಸ ವಾಷರಿನೊಂದಿಗೆ ಮುಚ್ಚಿದಳು. ನೆಲಕ್ಕೆ ಬಿದ್ದದ್ದು ಮೂರೇ ಹನಿ.

ಪರೀಕ್ಷೆ ಎರಡು ವಾರದ ನಂತರದ ಭಾನುವಾರಕ್ಕೆ. ಎರಡೂ ವಾರ ಕಳೆ ತೆಗೆದ ಮೋಟರು ರಾತ್ರಿಯಿಂದ ನಿಂತಿತ್ತು. ನೀರಿದ್ದರೆ ತಳಕ್ಕೆ ಇಳಿದಿರಬೇಕು. ಪಿಳ್ಳಣ್ಣನೂ ಅಂಗಡಿ ತೆರೆಯುವ ಮೊದಲು ಬಂದು ನಿಂತ. ಭಾಗ್ಯಜ್ಯೋತಿ ಕೆಳಗಿನ ಸ್ಕ್ರೂ ಸಡಿಲಿಸಿ, ಬಿಳಿ ಕಾಗದವೊಂದನ್ನು ಅಡಿಗೆ ಹಿಡಿದಳು. ಮೊದಲ ಹನಿ ಇಳಿಯಲು ತಡವಾಯಿತು.

ಇಳಿಯಿತು. ಜೇನಿನ ಬಣ್ಣ. ಎರಡನೆಯದೂ ಅದೇ, ಮೂರನೆಯದೂ ಅದೇ.

"ಡೈರಿ ಕ್ಲೋಸ್!" ಎಂದು ಜಯಸಿಂಹ ಕೂಗಿದ್ದು ಆಚೆ ದಡಕ್ಕೂ ಕೇಳಿಸಿ ನೀರುಕೋಳಿಗಳು ಎದ್ದು ಹಾರಿದವು. ಬಳಗದವರು ಚಪ್ಪಾಳೆ ತಟ್ಟಿದರು, ಅವಳನ್ನು ದೋಣಿ ಹತ್ತಿಸಲೇಬೇಕೆಂದು ಹಟ ಹಿಡಿದರು. ಅವಳು ಸ್ಕ್ರೂ ಬಿಗಿದು, ಒಂದು ಕಾಲು ದೋಣಿಯಲ್ಲಿಟ್ಟಿದ್ದಳಷ್ಟೇ. ಪಿಳ್ಳಣ್ಣ ಫೋನನ್ನು ಮುಂದೆ ಚಾಚಿದ. ಆ ಕಡೆ ಆಯಿಲ್ ಏಜೆನ್ಸಿಯವನಿದ್ದ.

"ತಗೋ. ಈ ತಿಂಗಳ ಆರ್ಡರ್ ಕೇಳ್ತಿದಾನೆ. ನಮ್ಮ ಮೇಡಂನೇ ಹೇಳ್ತಾರೆ ಅಂದಿದೀನಿ."

ಭಾಗ್ಯಜ್ಯೋತಿ ಸೆರಗಿಗೆ ಕೈ ಒರೆಸಿಕೊಂಡು ಫೋನ್ ಹಿಡಿದಳು.

"ಐದ ನಿಮಿಷ ತಡೀರಿ ಸಾರ್," ಎಂದಳು ದೋಣಿಯವರಿಗೆ. "ಮುಗಿಸೇ ಬರ್ತೀನಿ."

ಮುಗಿಯಲು ಇಪ್ಪತ್ತು ನಿಮಿಷ ಹಿಡಿಯಿತು. ಒಂದು ಕಾಲು ದೋಣಿಯಲ್ಲಿ, ಒಂದು ಕಾಲು ಕೆಸರಿನಲ್ಲಿ ಇಟ್ಟುಕೊಂಡೇ, ಚೀಟಿಯಿಲ್ಲದೆ, ಇಡೀ ಗೋಡೆಗೆ ಬೇಕಾದದ್ದನ್ನು ಅವಳು ಒಂದೊಂದಾಗಿ ಹೇಳಿ ಬರೆಸಿದಳು. ದೋಣಿ ಕಾಯಿತು.