ಗುರುಪಾದ ಕಾಕಾ ಹೊಗಳಿದ ಗಣಿ

ಸರ್ಕಾರಿ ಬ್ಯಾಂಕೊಂದರ ವಾರ್ಷಿಕ ಸಭೆ. ಮುಂಬಯಿಯ ಫೋರ್ಟ್ ಪ್ರದೇಶದ ಸಭಾಗೃಹದ ವೇದಿಕೆಯ ಮೇಲೆ ಅಧ್ಯಕ್ಷರಿದ್ದರು, ಅವರ ಎಡಬಲಕ್ಕೆ ಆಕಳಿಕೆ ನುಂಗುತ್ತಿದ್ದ ನಿರ್ದೇಶಕರಿದ್ದರು, ಕೆಳಗೆ ಬಟ್ಟೆಯ ಚೀಲ ಹಿಡಿದ ಹಿರಿಯ ಶೇರುದಾರರಿದ್ದರು. ಬಾಗಿಲ ಹತ್ತಿರ ತಿಂಡಿಯ ಡಬ್ಬಿಗಳನ್ನು ಗೋಡೆಯಂತೆ ಪೇರಿಸಿದ್ದರು. ಎರಡನೆಯ ಸಾಲಿನಲ್ಲಿ ನಾನು. ಮೈಕಿನ ಮುಂದೆ ಇಸ್ತ್ರಿ ಮಾಡಿದ ಬಿಳಿ ಸಫಾರಿ ಸೂಟಿನಲ್ಲಿ, ಬೀಗರನ್ನು ಎದುರುಗೊಳ್ಳುವವರ ಹಾಗೆ ಕೈಜೋಡಿಸಿ ನಿಂತವರು ನಮ್ಮ ಗುರುಪಾದ ಕಾಕಾ. ಅಲ್ಲಿ ಮೊದಲ ಮಾತು ಯಾವಾಗಲೂ ಅವರದೇ. ಯಾಕೆಂದರೆ ಅವರಷ್ಟು ಚೆನ್ನಾಗಿ ಹೊಗಳುವವರು ಇಡೀ ಮುಂಬಯಿಯಲ್ಲಿ ಇನ್ನೊಬ್ಬರಿರಲಿಲ್ಲ.

ಸಯನ್‌ನಲ್ಲಿ ನಮ್ಮ ಪಕ್ಕದ ಮನೆ ಅವರದು. ವಿಜಯಪುರದ ಕಡೆಯವರು. ಬಟ್ಟೆ ಮಿಲ್ಲಿನ ಆಫೀಸಿನಿಂದ ನಿವೃತ್ತರಾದ ಮೇಲೆ ಹತ್ತಾರು ಕಂಪನಿಗಳಲ್ಲಿ ಚೂರುಪಾರು ಶೇರು ಇಟ್ಟುಕೊಂಡು, ಒಂದು ವಾರ್ಷಿಕ ಸಭೆಯಿಂದ ಇನ್ನೊಂದಕ್ಕೆ ತಿರುಗುವುದೇ ಅವರ ಉದ್ಯೋಗವಾಗಿತ್ತು. ಮುಂಬಯಿಯಲ್ಲಿ ಇಂಥವರದೇ ಒಂದು ಬಳಗವಿದೆ. ಎದ್ದು ನಿಂತು ಅಧ್ಯಕ್ಷರನ್ನು ಹೊಗಳುವುದು, ನಿಮ್ಮ ಕಾರ್ಖಾನೆ ನೋಡಲು ನಮ್ಮನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಎಂದು ಬೇಡುವುದು, ತಿಂಡಿಯ ಡಬ್ಬಿ ಚೀಲಕ್ಕೆ ಹಾಕಿಕೊಂಡು ಲೋಕಲ್ ಹಿಡಿಯುವುದು. ಈಗೀಗ ಬಹಳ ಸಭೆಗಳು ಮೊಬೈಲಿನಲ್ಲೇ ಮುಗಿಯುತ್ತವೆ. ಕಾಕಾಗೆ ಅದರ ಮೇಲೆ ವಿಪರೀತ ಸಿಟ್ಟು. "ಮೊಬೈಲಿನಾಗಿಂದ ಸಮೋಸಾ ಹೆಂಗ ಬರ್ತದ, ತಂಗಿ?" ಎನ್ನುತ್ತಿದ್ದರು.

ಒಮ್ಮೆ ಬಣ್ಣದ ಕಂಪನಿಯೊಂದರ ಸಭೆಯಲ್ಲಿ, "ನಿಮ್ಮ ಬಣ್ಣ ಹಚ್ಚಿದಾಗಿಂದ ಬಾಜೂ ಮನಿಯವ್ರು ನಮ್ಮ ಗ್ವಾಡಿ ನೋಡಾಕಂತನ ಚಾಕ್ಕ ಬರ್ತಾರ" ಎಂದು ತಮ್ಮ ವಿಜಯಪುರದ ರಾಗದ ಹಿಂದಿಯಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದರು. ಆ ಬಾಜೂ ಮನೆಯವಳು ನಾನೇ. ಅವರ ಗೋಡೆಗೆ ಬಣ್ಣ ಕಂಡು ಎಷ್ಟು ಕಾಲವಾಗಿತ್ತೋ ದೇವರಿಗೇ ಗೊತ್ತು.

ಈ ಕೀರ್ತಿಗೆ ಸೊಪ್ಪು ಹಾಕದವರು ಒಬ್ಬರೇ, ಅವರ ಹೆಂಡತಿ ನೀಲಾ ಕಾಕು. ಕಾಕಾ ತಂದ ಡಬ್ಬಿಯನ್ನು ಅವರು ತೆರೆದೂ ನೋಡುತ್ತಿರಲಿಲ್ಲ. "ಹಲ್ಲು ಗಿಂಜಿ ತಂದ ಸಮೋಸಾ ನನ್ನ ಗಂಟಲದಾಗ ಇಳಿಯಂಗಿಲ್ಲ" ಎಂದು ನಮ್ಮ ಮನೆಗೆ ದಾಟಿಸುತ್ತಿದ್ದರು. ನಮ್ಮ ಗಂಟಲುಗಳಿಗೆ ಅಂಥ ತೊಂದರೆ ಇರಲಿಲ್ಲ.

ಕಾಕು ಖಾನಾಪುರದ ಕಡೆಯವರು. ಅವರ ತವರೂರಿಗೆ ಕುಡಿಯುವ ನೀರು ಬರುವುದು ಅಭಯಾರಣ್ಯದ ಅಂಚಿನ ಒಂದು ಗುಡ್ಡದ ಝರಿಯಿಂದ. ಒಂದು ಸಂಜೆ ಅವರ ತಮ್ಮ ಫೋನ್ ಮಾಡಿದ: ಆ ಗುಡ್ಡ ಅಗೆದು ಗಣಿ ಮಾಡುತ್ತಾರಂತೆ, ಅದಕ್ಕೆ ಸಾಲ ಕೊಡಲು ಒಂದು ಸರ್ಕಾರಿ ಬ್ಯಾಂಕು ಮುಂದೆ ಬಂದಿದೆಯಂತೆ. ಕಾಕಾರ ಶೇರಿದ್ದ ಬ್ಯಾಂಕೇ ಅದು. ಹೆಸರು ಕೇಳಿದ ಕಾಕು ಫೋನ್ ಕೆಳಗಿಟ್ಟು ಗಂಡನ ಕಡೆ ತಿರುಗಿದರು.

"ಕೇಳಿದ್ರಿಲ್ಲೋ? ನನ್ನ ತವರಿನ ಗುಡ್ಡಾ ನಿಮ್ಮ ಬ್ಯಾಂಕಿನ ಬಾಯಾಗ ಹೊಂಟೈತಿ. ಮಂದಿ ರೊಕ್ಕ ಅದು, ನಮ್ಮ ನಿಮ್ಮ ರೊಕ್ಕ. ಹೋಗ್ರಿ, ಚಪ್ಪಾಳಿ ಹೊಡದು ಸಮೋಸಾ ತಿಂದು ಬರ್ರಿ."

ಅಲ್ಲೇ ಕೂತಿದ್ದ ನಾನು ಕಾಕಾಗೆ, ಸಭೆಯಲ್ಲಿ ಎದ್ದು ನಿಂತು ವಿರೋಧಿಸಿ ಎಂದೆ. ಅವರು ಅಡ್ಡಡ್ಡ ತಲೆಯಾಡಿಸಿದರು. "ವಿರೋಧ ಮಾಡಾವನ ಮೈಕ್ ಬಂದ್ ಮಾಡ್ತಾರ, ತಂಗಿ. ಹೊಗಳಾವನ ಮೈಕಿಗೆ ಯಾರೂ ಕೈ ಹಚ್ಚಂಗಿಲ್ಲ." ಅವರ ಕಣ್ಣಿಗೆ ಹಳೆಯ ತುಂಟತನ ವಾಪಸು ಬಂದಿತ್ತು. "ನೀನೂ ಬಾ ನೋಡಾಕ. ನಿನ್ನ ಆಫೀಸಿನ ಮಗ್ಗಲಕ್ಕನ ಅದ."

ಹಾಗಾಗಿ ನಾನು ಎರಡನೆಯ ಸಾಲಿನಲ್ಲಿದ್ದೆ. ಕಾಕಾರ ಹಿಂದಿಯನ್ನು ಅವರ ಕನ್ನಡದಲ್ಲೇ ಹೇಳುತ್ತೇನೆ: "ಚೇರ್ಮನ್ ಸಾಹೇಬ್ರ, ಎಂಥಾ ಎದಿ ನಿಮ್ಮದು! ಖಾಸಗಿ ಬ್ಯಾಂಕಿನವ್ರು ಯಾರೂ ಮುಟ್ಟದ ಗಣಿ. ಬಾಜೂಕ ಹುಲಿ ಕಾಡು. ಅಂಥಾದ್ದಕ್ಕ ನೀವು ಮಂದಿ ರೊಕ್ಕ ಕೊಡಾಕ ಹೊಂಟೀರಿ! ಎಲ್ಲಾರೂ ಒಂದು ಜೋರ್ ಚಪ್ಪಾಳಿ ಹೊಡೀರಿ!" ಹಿರಿಯರು ರೂಢಿಯಂತೆ ಹೊಡೆದರು. "ಬ್ಯಾರೆ ಕಂಪನಿಯವ್ರು ನಮಗ ಫ್ಯಾಕ್ಟರಿ ತೋರಸ್ತಾರ. ನಿಮಗ ಫ್ಯಾಕ್ಟರಿ ಇಲ್ಲ. ಈ ಗುಡ್ಡಾನರ ತೋರಸ್ರಿ! ಬಸ್ ಮಾಡ್ರಿ, ಊಟಾ ಹಾಕ್ರಿ!"

ಬಸ್ಸು, ಊಟ ಎಂದ ಕೂಡಲೇ ಸಭೆಗೆ ಜೀವ ಬಂತು. ಕಾಕಾರ ಮಾತಿಗೆ ನಕ್ಕು ತಲೆಯಾಡಿಸಿ ರೂಢಿಯಾಗಿದ್ದ ಅಧ್ಯಕ್ಷರು "ಜರೂರ್, ಜರೂರ್" ಅಂದುಬಿಟ್ಟರು. ಅವರ ಹಿಂದೆ ಕೂತಿದ್ದ ಅಧಿಕಾರಿ ಹಣೆ ಒರೆಸಿಕೊಂಡ. ತುಂಬಿದ ಸಭೆಯಲ್ಲಿ ಆಡಿದ ಮಾತು, ಇನ್ನು ನುಂಗುವ ಹಾಗಿರಲಿಲ್ಲ.

ಚಳಿಗಾಲದಲ್ಲಿ ಬಸ್ಸು ಹೊರಟಿತು. ಕಾಕಾ ನನ್ನನ್ನೂ ಹತ್ತಿಸಿಕೊಂಡರು. ಗೋರೆಗಾಂವಿನ ಶಾಂತಾಬೆನ್ ಎಂಬ ಶೇರುದಾರಳು ಡಬ್ಬಿಗಟ್ಟಲೆ ಮೆಂತ್ಯದ ಥೇಪ್ಲಾ ರೊಟ್ಟಿ ತಂದಿದ್ದಳು. ದಾರಿಯುದ್ದಕ್ಕೂ ಅಂತ್ಯಾಕ್ಷರಿ, ನಡುನಡುವೆ ಕಾಕಾ ಹೇಳಿದ ಝರಿಯ ಕಥೆ. ಹಣೆ ಒರೆಸಿಕೊಂಡಿದ್ದ ಅಧಿಕಾರಿಯನ್ನೇ ಬ್ಯಾಂಕು ನಮ್ಮ ಜೊತೆ ಕಳಿಸಿತ್ತು, ಪಾಪ. ಗುಡ್ಡದ ಹತ್ತಿರ ರಸ್ತೆ ಕಿರಿದಾಯಿತು. ಎಡಕ್ಕೆ ಅಭಯಾರಣ್ಯ, ಬಲಕ್ಕೆ ಗಣಿಯ ಗುರುತಿಗೆ ನೆಟ್ಟ ಕೆಂಪು ಬಾವುಟಗಳು. ನಮ್ಮ ಮುಂಬಯಿ ಡ್ರೈವರ್ ಎದುರು ಬಂದ ಎಮ್ಮೆಗೆ ಹಾರ್ನ್ ಹೊಡೆದ. ಎಲ್ಲಿದ್ದನೋ ಏನೋ, ಕಾಡಿನ ಗಾರ್ಡ್ ಓಡಿ ಬಂದು ಬಸ್ ನಿಲ್ಲಿಸಿದ.

"ಬೋರ್ಡ್ ಓದಾಕ ಬರಂಗಿಲ್ಲೇನ? ಹಾರ್ನ್ ಹೊಡೀಬಾರದು, ಜೋರ್ ಮಾತಾಡಬಾರದು. ಪ್ರಾಣಿಗಳು ಬೆದರತಾವು!"

ಎಲ್ಲರೂ ಶಾಲೆಯ ಮಕ್ಕಳಂತೆ ತೆಪ್ಪಗೆ ಇಳಿದೆವು. ಕಾಕಾ ಗಾರ್ಡ್‌ನ ಕಿವಿಯಲ್ಲಿ, "ಪಿಸುಮಾತು ನಡೀತದೇನ್ರಿ?" ಎಂದು ಕೇಳಿ ಅಪ್ಪಣೆ ಪಡೆದರು. ಆಮೇಲೆ ಅಧಿಕಾರಿಯ ಹತ್ತಿರ ಹೋಗಿ, ಎಲ್ಲರಿಗೂ ಕೇಳುವಂಥ ಪಿಸುದನಿಯಲ್ಲಿ ಶುರುಮಾಡಿದರು.

"ಸಾಹೇಬ್ರ, ಈ ಬಾಜೂ ಹಾರ್ನ್ ಸೈತ ಹೊಡಿಯಂಗಿಲ್ಲ. ಆ ಬಾಜೂ ನೀವು ಸುರಂಗ ಇಟ್ಟು ಗುಡ್ಡಾ ಸಿಡಸ್ತೀರಿ. ಹುಲಿಗೆ ಏನಂತ ಹೇಳೀರಿ?"

ಅಧಿಕಾರಿ ತಾನೂ ಪಿಸುಗುಟ್ಟಿದ: "ಅದು... ಇನ್ನೂ ವಿಚಾರದಲ್ಲಿದೆ."

"ಹುಲಿ ವಿಚಾರದಾಗ ಅದನೋ, ನೀವೋ?"

ಶಾಂತಾಬೆನ್ ಪಿಸುಗುಟ್ಟಿದಳು, "ನನ್ನ ದುಡ್ಡಿನಿಂದಲಾ?" ಅವಳ ಹಿಂದಿನವರು ಝರಿಯ ಬಗ್ಗೆ ಪಿಸುಗುಟ್ಟಿದರು, ಅವರ ಹಿಂದಿನವರು ಊಟ ಯಾವಾಗ ಎಂದು ಪಿಸುಗುಟ್ಟಿದರು. ಇಡೀ ಬಸ್ಸಿನ ಮುದುಕರು ಬಿಸಿಲಲ್ಲಿ ಆ ಒಬ್ಬನನ್ನು ಸುತ್ತುಗಟ್ಟಿ ಬುಸುಗುಡುತ್ತಿದ್ದರೆ, ಗಾರ್ಡ್ ಬಾಯಿಗೆ ಟೋಪಿ ಅಡ್ಡ ಹಿಡಿದು ನಗುತ್ತಿದ್ದ. ಅಂಥ ಮೆಲುದನಿಯ ಮೋರ್ಚಾ ನಾನು ಮತ್ತೆ ನೋಡಿಲ್ಲ.

ಮನೆಗೆ ಬಂದ ಕಾಕಾ, ಬಸ್ಸಿನಲ್ಲಿ ಕೊಟ್ಟ ಡಬ್ಬಿಯನ್ನು ಹೆಂಡತಿಯ ಮುಂದೆ ಇಟ್ಟು ಮಂದಹಾಸ ಬೀರಿದರು. ಕಾಕು ಎಲ್ಲ ಕೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಡಬ್ಬಿ ಮಾತ್ರ ನನ್ನ ಕಡೆ ಸರಿಸಿದರು.

"ಗುಡ್ಡಾ ಉಳದ ಮ್ಯಾಲ ತಿಂತೀನಿ."

"ಮುಂದಿನ ಸಭಾದಾಗ ನೋಡ್ತಿರು" ಎಂದರು ಕಾಕಾ. "ಈ ಸಲ ಇನ್ನೂ ಛಲೋ ಹೊಗಳ್ತೀನಿ."

ಆ ಸಭೆ ಅವರಿಗೆ ಸಿಗಲಿಲ್ಲ. ಬೇಸಗೆಯ ಒಂದು ಮಧ್ಯಾಹ್ನ ಉಂಡು ಮಲಗಿದವರು ಚಾದ ಹೊತ್ತಿಗೆ ಏಳಲಿಲ್ಲ. ಶೇರು ಇಬ್ಬರ ಹೆಸರಲ್ಲಿದ್ದುದರಿಂದ ಕಾಕು ಆ ಸಭೆಗೆ ತಮ್ಮ ಪರವಾಗಿ ನನ್ನನ್ನು ಕಳಿಸಿದರು.

ವೇದಿಕೆಯಿಂದ ರೂಢಿಯಂತೆ ಮೊದಲು ಕಾಕಾರ ಹೆಸರನ್ನೇ ಕೂಗಿದರು. ಅವರ ಬದಲಿಗೆ ಶಾಂತಾಬೆನ್ ಮೈಕಿನ ಹತ್ತಿರ ಹೋಗಿ ಕಾಕಾರ ಹಾಗೆಯೇ ಕೈಜೋಡಿಸಿ ನಿಂತಳು. ಮೈಕಿಗೆ ಬಾಯಿ ಹಚ್ಚಿ, "ಚೇರ್ಮನ್ ಸಾಬ್, ಹುಲಿಗೆ ಏನು ಹೇಳಿದಿರಿ?" ಎಂದು ಪಿಸುಗುಟ್ಟಿದಳು. ಅವಳ ಹಿಂದೆ ಬಂದವರೂ ಅದನ್ನೇ ಪಿಸುಗುಟ್ಟಿದರು. ಬಸ್ಸಿಗೆ ಬಂದವರೆಲ್ಲ ಸಾಲಿನಲ್ಲಿದ್ದರು. ಸಾಲು ಬಾಗಿಲವರೆಗೂ ಬೆಳೆಯಿತು. ಅಧ್ಯಕ್ಷರು ಪಕ್ಕದವರೊಡನೆ ಏನೋ ಮಾತಾಡಿ, ಆ ಗಣಿಗೆ ಬ್ಯಾಂಕು ಹಣ ಕೊಡುವುದಿಲ್ಲ ಎಂದು ಹೇಳಿದರು. ಆಗ ಬಿದ್ದ ಚಪ್ಪಾಳೆ ಪಿಸುದನಿಯದಾಗಿರಲಿಲ್ಲ.

ಬಾಗಿಲಲ್ಲಿ ಒಂದು ಡಬ್ಬಿ ಇಸಿದುಕೊಂಡು ಸಯನ್‌ಗೆ ಬಂದೆ. ವಿಷಯ ಹೇಳಿದೆ. ಕಾಕು ಕಾಕಾರ ಕುರ್ಚಿಯಲ್ಲಿ ಕೂತು ಡಬ್ಬಿ ತೆರೆದು, ಸಮೋಸಾ ಮುರಿದು ಬಾಯಿಗೆ ಹಾಕಿಕೊಂಡರು.

"ಉಪ್ಪು ಕಡಿಮಿ ಐತಿ" ಎಂದರು. ಆಮೇಲೆ ಉಳಿದದ್ದನ್ನೂ ತಿಂದರು.