ಒಂದು ಮನೆಗೆ ಒಂದೇ ಫೋನು

ನನ್ನ ನಾದಿನಿಗೆ ವೆಬ್‌ಸೈಟ್ ಮಾಡಲು ಕಲಿಸಿದವನು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈಗ ಊರಿನಲ್ಲಿ ಬೇರೆ ಯಾರೂ ಹೇಳುವುದಿಲ್ಲ. ಟೈಲರ್ ಅಂಗಡಿಯಲ್ಲಿ ಗುಂಡಿ ಹಾಕುತ್ತಿದ್ದವಳು ಮಧ್ಯಾಹ್ನ ಬಿಡುವಾದಾಗ ನನ್ನ ಆಫೀಸಿಗೆ ಬಂದು, ಬೆನ್ನ ಹಿಂದೆ ನಿಂತು ನೋಡುತ್ತಿದ್ದಳು. ಆಫೀಸೆಂದರೆ ಜೆರಾಕ್ಸ್ ಅಂಗಡಿಯ ಮೇಲಿನ ಒಂದು ಕೋಣೆ, ಎರಡು ಮೇಜು, ಕರೆಂಟ್ ಹೋದರೆ ಅರ್ಧ ಗಂಟೆ ಎಳೆಯುವ ಬ್ಯಾಟರಿ. ಎರಡು ವರ್ಷದಲ್ಲಿ ಎರಡನೇ ಮೇಜು ಅವಳದಾಯಿತು.

ನಾನು ವಿದೇಶದ ರೆಡಿಮೇಡ್ ವಿನ್ಯಾಸ ತಂದು, ಹೆಸರು, ಫೋಟೋ ಬದಲಿಸಿ ಕೊಡುವವನು. ಊರಿನ ಲಾಡ್ಜು, ಟ್ಯೂಷನ್ ಕ್ಲಾಸು ಎಲ್ಲವೂ ನನ್ನ ಕೈಯಲ್ಲಿ ಥಳಥಳ ಹೊಳೆದಿವೆ. ಅವಳದು ಬೋಳು ಪುಟ, ದಪ್ಪ ಅಕ್ಷರ. ಅದನ್ನೂ ಒಂದು ಗಾಜು ಒಡೆದ ಫೋನಿನಲ್ಲಿ ಹಾಕಿಕೊಂಡು, ಸಿಗ್ನಲ್ ಸಾಯುವ ಬಸ್ ಸ್ಟ್ಯಾಂಡಿನ ಹಿಂಭಾಗಕ್ಕೆ ಹೋಗಿ ತೆರೆದು ನೋಡುವಳು. ನಾನು ನಗುತ್ತಿದ್ದೆ.

ಊರಿನ ಆಸ್ಪತ್ರೆಯವರಿಗೆ, ರೋಗಿಗಳಿಗೆ ಟೋಕನ್ ಕೊಡುವ ವೆಬ್ ಅಪ್ಲಿಕೇಶನ್ ಬೇಕಾಯಿತು. ಜನ ಗೇಟಿನ ಮುಂದೆ ಚಪ್ಪಲಿ ಸಾಲಾಗಿಟ್ಟು ಜಾಗ ಹಿಡಿಯುವುದು ನಿಲ್ಲಬೇಕಿತ್ತು. ಇಬ್ಬರೂ ಒಂದೊಂದು ಮಾಡಿ, ಒಂದೊಂದು ವಾರ ನಡೆಸಿ ತೋರಿಸಿ ಎಂದರು. ಇಡೀ ಊರು ದಿನಾ ಬಳಸುವಂಥದ್ದನ್ನು ಒಂದಾದರೂ ಮಾಡಬೇಕೆಂದು ಹದಿನೈದು ವರ್ಷದಿಂದ ಆಸೆಪಟ್ಟವನು ನಾನು. ಇದನ್ನು ಬಿಟ್ಟುಕೊಡುವ ಮಾತೇ ಇರಲಿಲ್ಲ.

ನನ್ನದು ಎರಡನೇ ದಿನವೇ ಕೈಕೊಟ್ಟಿತು. ಗಂಡ ಟೋಕನ್ ಪಡೆದ ಮೇಲೆ ಹೆಂಡತಿಗೆ ಸಿಗಲಿಲ್ಲ. ಈ ಫೋನ್ ನಂಬರ್ ಆಗಲೇ ಬಳಕೆಯಲ್ಲಿದೆ ಎಂದು ಪರದೆ ಗದರಿಸಿತು. ನಾನು ತಂದ ರೆಡಿಮೇಡಿನಲ್ಲಿ ಒಬ್ಬರಿಗೆ ಒಂದು ನಂಬರ್ ಎಂಬ ಲೆಕ್ಕ. ನಮ್ಮಲ್ಲಿ ಮನೆಗೊಂದು ಫೋನು. ನನ್ನ ಅಮ್ಮನಿಗೇ ಬೇರೆ ಫೋನಿಲ್ಲ, ಆದರೂ ನನಗೆ ಹೊಳೆಯಲಿಲ್ಲ. ನಾದಿನಿಯ ಪುಟ ತೆರೆದರೆ ಮೊದಲ ಪ್ರಶ್ನೆಯೇ ‘ಯಾರಿಗೆ ಟೋಕನ್?’ ಕೆಳಗೆ ನನಗೆ, ಅಮ್ಮನಿಗೆ, ಮಗುವಿಗೆ, ಪಕ್ಕದ ಮನೆಯವರಿಗೆ.

ಅವಳದನ್ನೇ ಆರಿಸಿದರು. ನನಗೆ ಹೊಟ್ಟೆ ಉರಿಯಿತು. ತಪ್ಪು ಹುಡುಕಲೆಂದೇ ಅದನ್ನು ನಲವತ್ತು ಸಲ ತೆರೆದಿದ್ದೇನೆ. ಏನಾದರೂ ಸಿಕ್ಕಿತೇ ಎಂದು ಅವಳು ಕೇಳಿದಾಗ, ಬಣ್ಣ ಚೆನ್ನಾಗಿಲ್ಲ ಎಂದೆ. ಅವತ್ತೇ ಬದಲಿಸಿದಳು. ಪುಟ ಇನ್ನೂ ಚೆನ್ನಾಗಿ ಕಂಡಿತು. ಅಮ್ಮನ ಮುಂದೆ ಮಾತ್ರ ಈ ಸುದ್ದಿಯನ್ನೇ ಎತ್ತಲಿಲ್ಲ. ಹೆಂಡತಿಯೂ ನನ್ನ ಮುಖ ನೋಡಿ ಅಮ್ಮನಿಗೆ ಹೇಳದೆ ಬಿಟ್ಟಳು.

ಹೋದ ತಿಂಗಳು ಅಮ್ಮನ ಕಣ್ಣು ತೋರಿಸಬೇಕಿತ್ತು. ನನ್ನ ಫೋನಿನಲ್ಲೇ, ಹಲ್ಲು ಕಚ್ಚಿಕೊಂಡು ಟೋಕನ್ ತೆಗೆದೆ. ಆಸ್ಪತ್ರೆಯ ಬೆಂಚಿನ ಮೇಲೆ ಅಮ್ಮ ಪಕ್ಕದ ಹೆಂಗಸಿಗೆ ಫೋನು ತೋರಿಸಿ, "ನನ್ನ ಮಗನೇ ಮಾಡಿದ್ದು ಇದನ್ನ. ಅಲ್ವೇನೋ?" ಎಂದಳು. ಎರಡು ಹೆಜ್ಜೆ ಆಚೆ, ಕೌಂಟರಿನಲ್ಲಿ ನರ್ಸಿಗೆ ಏನೋ ಹೇಳಿಕೊಡುತ್ತ ನಾದಿನಿ ನಿಂತಿದ್ದಳು.

"ಹೂಂ," ಎಂದೆ.

ನಾದಿನಿ ತಲೆ ಎತ್ತಿದಳು. ಅಮ್ಮ ಆಗಷ್ಟೇ ಅವಳನ್ನು ನೋಡಿದಳು. "ನೀನೂ ಇಂಥದ್ದು ಕಲ್ತುಕೊಳ್ಳಮ್ಮಾ, ಇವನ ಜೊತೆಗೇ ಇರ್ತೀಯಲ್ಲ" ಎಂದಳು.

"ಕಲೀತಾ ಇದೀನಿ ಅತ್ತೆ. ಬನ್ನಿ, ನಿಮ್ಮ ನಂಬರ್ ಬಂತು."

ಅಮ್ಮನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಜಗಳ ಆಡಿದ್ದರೆ ನಾನೂ ಆಡುತ್ತಿದ್ದೆ. ಈ ತಾಳ್ಮೆಯೂ ಅವಳಿಗೇ ಇರಬೇಕೇ ಎಂದು ಮತ್ತೆ ಹೊಟ್ಟೆ ಉರಿಯಿತು.