ಮ್ಯೂಸಿಯಂನಲ್ಲಿ ಒಂದು ಪ್ರದಕ್ಷಿಣೆ

ಕಳೆದ ಭಾನುವಾರ ಅನ್ನೂರಿನಿಂದ ಒಂದು ವ್ಯಾನ್ ತುಂಬ ನಮ್ಮ ನೆಂಟರು ಕೊಯಮತ್ತೂರಿಗೆ ಬಂದು, ಒಂದು ಆಧುನಿಕ ಕಲಾ ಮ್ಯೂಸಿಯಂ ಅನ್ನು ತಲೆಕೆಳಗು ಮಾಡಿ ಹೋದರು. ಏನನ್ನೂ ಮುಟ್ಟಲಿಲ್ಲ. ಏನನ್ನೂ ಒಡೆಯಲಿಲ್ಲ. ಸುಮ್ಮನೆ ನಡೆದರು, ಅಷ್ಟೇ.

ಕರೆಸಿದವಳು ನನ್ನ ಅಕ್ಕನ ಮಗಳು ವಿದ್ಯಾ. ಆರ್ಕಿಟೆಕ್ಟ್. ಹಳೆಯ ನೂಲಿನ ಮಿಲ್ಲೊಂದನ್ನು ಮ್ಯೂಸಿಯಂ ಮಾಡುವುದು ಅವಳ ಮೊದಲ ದೊಡ್ಡ ಕೆಲಸ. ಮಿಲ್ಲಿನ ಗರಗಸದ ಹಲ್ಲಿನಂಥ ಚಾವಣಿಯನ್ನು ಹಾಗೇ ಉಳಿಸಿದ್ದಾಳೆ. ಅಂಗಳದ ಬೇವಿನ ಮರವನ್ನೂ ಉಳಿಸಿದ್ದಾಳೆ. ಮರದ ಸುತ್ತ ಗಾಜಿನ ಗೋಡೆ, ಗಾಜಿನ ಸುತ್ತ ಬಳೆಯಂತೆ ಗ್ಯಾಲರಿ. ಬಾಗಿಲು ಒಂದೇ. ಹೋಗುವುದೂ ಅಲ್ಲೇ, ಬರುವುದೂ ಅಲ್ಲೇ.

ಒಳಗೆ ಬಂದವರು ಬಲಕ್ಕೆ ತಿರುಗಬೇಕು. ಅಲ್ಲಿ ತಗ್ಗು ಚಾವಣಿ, ಮಬ್ಬು ಬೆಳಕು. ಹೋಗುತ್ತಾ ಹೋಗುತ್ತಾ ಚಾವಣಿ ಏರುತ್ತದೆ, ಬೆಳಕು ಹೆಚ್ಚುತ್ತದೆ, ಕೊನೆಗೆ ಝಗಮಗಿಸುವ ದೊಡ್ಡ ಹಾಲ್. "ಕತ್ತಲಿಂದ ಬೆಳಕಿಗೆ, ಮಾವ. ಅದೇ ಕಾನ್ಸೆಪ್ಟ್" ಎಂದಿದ್ದಳು. ನೆಲದ ಮೇಲೆ ಬಲಕ್ಕೆ ಬಾಣವನ್ನೂ ಬರೆಸಿದ್ದಳು.

ಆದರೂ ಟ್ರಸ್ಟಿನ ಚೇರ್ಮನ್‌ಗೆ (ಸೂಲೂರಿನ ಕಡೆ ಮಿಲ್ ಇರುವ ಹಿರಿಯರು, ಹೆಸರು ಬೇಡ) ಅನುಮಾನ. ನೋಡಲು ಬಂದ ಗೆಳೆಯರೆಲ್ಲ ದಾರಿ ತಪ್ಪುತ್ತಿದ್ದಾರಂತೆ. "ಮಾಮೂಲಿ ಜನರನ್ನು ಕರೆಸಿ ನೋಡಮ್ಮ. ಅವರೂ ತಪ್ಪಿದರೆ ಗಾಜಿಗೆ ಅಡ್ಡ ಗೋಡೆ ಎಬ್ಬಿಸೋಣ. ಮರ ಕಂಡರೆ ತಾನೆ ಗೊಂದಲ?" ಎಂದರು.

ಮರ ಕಾಣದಿದ್ದರೆ ಆ ಕಟ್ಟಡದಲ್ಲಿ ಉಳಿಯುವುದೇನು? ಒಂದು ದುಂಡನೆಯ ಗೋಡೌನು. ಮಗಳು ಸರಿಯಾಗಿ ಊಟ ಮಾಡುತ್ತಿಲ್ಲ ಎಂದು ಅಕ್ಕ ಫೋನ್ ಮಾಡಿದಳು.

ಮಾಮೂಲಿ ಜನ ಬೇಕೆ? ನಮ್ಮ ಮನೆತನದಲ್ಲಿ ಬೇರೆ ಥರದವರು ಇಲ್ಲವೇ ಇಲ್ಲ. ವ್ಯಾನ್ ಗೊತ್ತು ಮಾಡಿದೆ.

ಮುಂದಾಳು ನನ್ನ ಚಿಕ್ಕಮ್ಮ. ಬಾಗಿಲಲ್ಲಿ ಮೊದಲು ಚಪ್ಪಲಿ ಬಿಟ್ಟರು.

"ಬಿಡಬೇಕಾಗಿಲ್ಲ ಅಜ್ಜಿ" ಎಂದಳು ವಿದ್ಯಾ.

"ಇರಲಿ ಕಣ್ಣು, ನೆಲ ಇಷ್ಟು ಪಳಪಳ ಅಂತದೆ." (ಕೊಯಮತ್ತೂರಿನ ಸುತ್ತಿನ ಈ ಕೊಂಗುನಾಡಿನಲ್ಲಿ ಮುದ್ದಿನ ಮಕ್ಕಳೆಲ್ಲ 'ಕಣ್ಣು'.)

ಎದುರಿಗೆ ಗಾಜಿನಾಚೆ ಬೇವಿನ ಮರ ಕಂಡಿತು. ಚಿಕ್ಕಮ್ಮ ಕೈಮುಗಿದರು. ಕೆನ್ನೆ ತಟ್ಟಿಕೊಂಡರು. ಎಡಕ್ಕೆ ತಿರುಗಿದರು. ಹಿಂದೆಯೇ ಇಡೀ ವ್ಯಾನ್.

"ಅಜ್ಜೀ, ಬಲಕ್ಕೆ! ಬಾಣ ನೋಡಿ!"

"ನೋಡ್ದೆ. ತಪ್ಪಾಗಿ ಹಾಕವ್ರೆ. ಮರ ನಮ್ಮ ಬಲಗೈ ಕಡೆ ಬರಬೇಕಲ್ಲಾ? ನೀನು ಹೇಳೋ ಥರ ಸುತ್ತೋದು ಸುಡುಗಾಡಲ್ಲಿ. ಪೇಂಟರ್ ಹತ್ರ ಹೇಳಿ ತಿರುಗಿಸ್ಬಿಡು."

ಅಲ್ಲಿಗೆ ಕಾನ್ಸೆಪ್ಟ್ ಮುಗಿಯಿತು. ಮೊದಲು ಕ್ಲೈಮ್ಯಾಕ್ಸ್, ಆಮೇಲೆ ಇಂಟರ್ವಲ್, ಕೊನೆಗೆ ಟೈಟಲ್ ಕಾರ್ಡ್.

ಅಷ್ಟರಲ್ಲಿ ಚೇರ್ಮನ್ ಬಂದರು. ಫೋನಿನಲ್ಲಿ ಹತ್ತಿಯ ರೇಟು ಮಾತಾಡುತ್ತಾ, ಬಾಣವನ್ನು ತುಳಿದುಕೊಂಡೇ, ಎಡಕ್ಕೆ ಹೊರಟರು. (ಕಣ್ಣಾರೆ ಕಂಡದ್ದು. ವರದಿಗಾರನಿಗೆ ಇಂಥ ಸುಖ ಅಪರೂಪ.) ವಿದ್ಯಾ ನನ್ನ ಮುಖ ನೋಡಿದಳು. ನಾನು ಚಾವಣಿ ನೋಡಿದೆ.

ಒಂದು ಸುತ್ತು ಮುಗಿಸಿ ಬಂದ ಚೇರ್ಮನ್ ತಮಿಳಿನಲ್ಲಿ ತೀರ್ಪು ಕೊಟ್ಟರು: "ನೋಡಿದೆಯಾಮ್ಮ? ಯಾರಿಗೂ ದಾರಿ ಗೊತ್ತಾಗುತ್ತಿಲ್ಲ. ಗೋಡೆ ಎಬ್ಬಿಸಲೇಬೇಕು."

"ನೀವು ಯಾಕೆ ಸಾರ್ ಎಡಕ್ಕೆ ಹೋದಿರಿ?"

"ನಾನಾ?" ಎಂದು ಹಿಂತಿರುಗಿ ಮರವನ್ನು ನೋಡಿದರು.

ನೆಂಟರೆಲ್ಲ ಹೊರಬಂದರೂ ಚಿಕ್ಕಮ್ಮ ಬಂದಿರಲಿಲ್ಲ. ಹುಡುಕಿದರೆ, ತಗ್ಗು ಚಾವಣಿಯ ಮಬ್ಬು ಕೋಣೆಯಲ್ಲಿ ಒಂದು ಚಿತ್ರದ ಮುಂದೆ ಕೂತಿದ್ದಾರೆ!

"ದೊಡ್ಡ ಹಾಲ್ ಹಿಡಿಸಲಿಲ್ವಾ ಅಜ್ಜಿ?"

"ಅಲ್ಲಿ ಬರೀ ಸೆಲ್ಫಿ ಗಲಾಟೆ. ಇಲ್ಲಿ ಜೋರಾಗಿ ಮಾತಾಡಕ್ಕೂ ಬಾಯಿ ಬರಲ್ಲ. ಗರ್ಭಗುಡಿ ಹತ್ರ ಬಂದಂಗದೆ. ಈ ಚಿತ್ರ ಏನೂಂತ ಒಂಚೂರೂ ಗೊತ್ತಾಗ್ಲಿಲ್ಲ. ಅದಕ್ಕೇ ಕೂತೆ."

ವಿದ್ಯಾ ಅವರ ಪಕ್ಕ ಕೂತಳು. ನಮ್ಮ ದೇವಸ್ಥಾನಗಳೆಲ್ಲ ಬೆಳಕಿನಿಂದ ಕತ್ತಲೆಗೆ ಹೋಗುವವೇ ಅಲ್ಲವೆ? ಬಿಸಿಲಿನ ಗೋಪುರ, ನೆರಳಿನ ಮಂಟಪ, ಕೊನೆಗೆ ಒಂದು ದೀಪ. ಆರ್ಕಿಟೆಕ್ಚರ್ ಓದಿದವಳಿಗೆ ಇದು ಗೊತ್ತಿರಲಿಲ್ಲವೆ? ಗೊತ್ತಿತ್ತು. ಪರೀಕ್ಷೆಯಲ್ಲಿ ಬರೆದೂ ಇದ್ದಳಂತೆ. ತನ್ನ ಕಟ್ಟಡಕ್ಕೂ ಅದಕ್ಕೂ ಸಂಬಂಧವಿದೆ ಅನ್ನಿಸಿರಲಿಲ್ಲ, ಅಷ್ಟೇ.

ಎದ್ದು ಬಂದು ಚೇರ್ಮನ್‌ಗೆ ಹೇಳಿದಳು: "ಗೋಡೆ ಬೇಡ ಸಾರ್. ಬಾಣ ತಿರುಗಿಸುತ್ತೇನೆ. ಚಿತ್ರಗಳ ಸಾಲನ್ನೂ ಕೊನೆಯಿಂದ ಮೊದಲಿಗೆ ತಿರುಗಿಸುತ್ತೇನೆ. ಜನ ಬೆಳಕಲ್ಲಿ ಶುರು ಮಾಡಿ ಮಬ್ಬು ಕೋಣೆಗೆ ಬರಲಿ."

ಖರ್ಚು ಒಂದು ಡಬ್ಬಿ ಪೇಂಟ್ ಎಂದು ತಿಳಿದೊಡನೆ ಚೇರ್ಮನ್ ಕಲಾರಸಿಕರಾದರು. ಗಾಜು ಉಳಿಯಿತು, ಮರ ಉಳಿಯಿತು. ವಿದ್ಯಾ ನೆಂಟರ ಬುತ್ತಿಯ ಚಿತ್ರಾನ್ನವನ್ನು ಕೇಳಿ ಕೇಳಿ ಹಾಕಿಸಿಕೊಂಡಳು.

ಸಂಜೆ ಲೋಕಲ್ ಚಾನೆಲ್‌ನವರ ಮುಂದೆ ಚೇರ್ಮನ್ ಗಂಭೀರವಾಗಿ ನುಡಿದರು: "ಪ್ರದಕ್ಷಿಣೆಯ ಕಾನ್ಸೆಪ್ಟ್ ಮೊದಲಿನಿಂದಲೂ ನನ್ನ ತಲೆಯಲ್ಲಿತ್ತು."

ತಲೆಯ ವಿಷಯ ನಾನು ಖಚಿತಪಡಿಸಲಾರೆ, ಕಾಲಿನಲ್ಲಂತೂ ಇತ್ತು.